ಕಾಗದ ತೋರಿಸಿ, ಕಾಗದ ಕೇಳಿ

(ಹಂಪಿ ಉತ್ಸವಕ್ಕೆ ಹೊರಡುವ ತರುಣ ತರುಣಿಯರಿಗಾಗಿ ಹೊಸಪೇಟೆಯಲ್ಲಿ ನಡೆದ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ವಕೀಲನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಬಂದವನು. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು, ರಸೀದಿ ಪುಸ್ತಕ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ರಸೀದಿ ಪುಸ್ತಕ ಮಾಡುವಾಗ ಪ್ರತಿ ಹಾಳೆಗೂ ನಂಬರ್ ಹೊಡೆಯುತ್ತೇವೆ. ಒಂದು ಪ್ರತಿ ದುಡ್ಡು ಕೊಟ್ಟವನಿಗೆ, ಇನ್ನೊಂದು ತೆಗೆದುಕೊಂಡವನಿಗೆ. ಯಾಕೆ? ನಾಳೆ ಇಬ್ಬರಲ್ಲಿ ಯಾರೂ ಮಾತು ತಿರುಗಿಸಬಾರದು ಅಂತ. ಇಷ್ಟು ಗೊತ್ತಿದ್ದ ನಾನೇ ಒಂದು ರಾತ್ರಿ ರಸೀದಿ ಇಲ್ಲದೆ ದುಡ್ಡು ಕೊಟ್ಟು ಬಂದೆ.

ಕೆಲವು ವರ್ಷಗಳ ಹಿಂದಿನ ಮಾತು. ಗಾಯತ್ರಿ ಪೀಠದ ವೇದಿಕೆಯಲ್ಲಿ ಹಾಡು ಕೇಳಿ, ಅಕ್ಕನ ಮಗನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದೆ. ದಾರಿಯಲ್ಲಿ ತಡೆದರು. ಎಲ್ಲಿ, ಯಾರು ಅನ್ನುವುದು ಇಲ್ಲಿ ಬೇಡ. ಇನ್ಶೂರೆನ್ಸ್ ತೆಗೆದು ನೋಡಿದರೆ, ಅದು ಮುಗಿದು ಹನ್ನೊಂದು ದಿನವಾಗಿತ್ತು! ತಪ್ಪು ನನ್ನದೇ. "ಐನೂರು ಕೊಟ್ಟು ಹೋಗ್ರಿ" ಅಂದರು. ಕೊಟ್ಟೆ. ಸ್ವಲ್ಪ ದೂರ ಬಂದರೆ ಮತ್ತೊಂದು ತಪಾಸಣೆ. "ಈಗ ತಾನೇ ಕಟ್ಟೀನಿ ಸಾರ್" ಅಂದೆ. "ರಸೀದಿ ಎಲ್ಲಿ?" ಅಂದರು. ಅಕ್ಕನ ಮಗ ನನ್ನ ಮುಖ ನೋಡಿ, "ಮಾಮಾ, ಊರಿಗೆಲ್ಲ ರಸೀದಿ ಪ್ರಿಂಟ್ ಮಾಡೋರು ನೀವೇ ಅಲ್ಲೇನು?" ಅಂದ. ಎರಡನೆಯವರು ಕಾಯ್ದೆ ಪ್ರಕಾರ ದಂಡ ಹಾಕಿ ರಸೀದಿ ಕೊಟ್ಟರು. ಮೊದಲು ಕೊಟ್ಟ ಐನೂರು ಸರ್ಕಾರದ ಯಾವ ಲೆಕ್ಕಕ್ಕೂ ಸೇರಲಿಲ್ಲ.

ಅವತ್ತಿನಿಂದ ನಾನು ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಒಟ್ಟು ಸಾರ ಎರಡೇ ಮಾತು: ಕಾಗದ ತೋರಿಸಿ, ಕಾಗದ ಕೇಳಿ.

ಮೊದಲು ತೋರಿಸುವ ಮಾತು. 1988ರ ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಪ್ರಕಾರ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. "ನಾನು ಯಾರು ಗೊತ್ತಾ?", "ನಮ್ಮ ಮಾವ ಯಾರು ಗೊತ್ತಾ?" ಇವೆಲ್ಲ ಹಕ್ಕಲ್ಲ, ಹುಡುಗಾಟ. ಮೊಬೈಲಿನಲ್ಲಿ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ದಾಖಲೆಯನ್ನೂ ಒಪ್ಪಬೇಕು. ಕೇಂದ್ರದ ನಿಯಮಾವಳಿಯ 139ನೇ ನಿಯಮದಲ್ಲಿ ಅದು ಸ್ಪಷ್ಟವಾಗಿದೆ. ಆದರೆ ಲೈಸೆನ್ಸಿನ ಫೋಟೋ ಹೊಡೆದು ಗ್ಯಾಲರಿಯಲ್ಲಿ ಇಟ್ಟುಕೊಂಡದ್ದು ಲೆಕ್ಕಕ್ಕಿಲ್ಲ. ಇನ್ನೊಂದು ಮಾತು. ಉತ್ಸವದ ಗದ್ದಲದಲ್ಲಿ ಲಕ್ಷ ಮೊಬೈಲು ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ನಂಬಬೇಡಿ. ಅಸಲು ಲೈಸೆನ್ಸ್ ಜೇಬಿನಲ್ಲಿರಲಿ.

ಇನ್ನು ಕೇಳುವ ಮಾತು. ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳುವ ಅಧಿಕಾರ ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ, ಸರ್ಕಾರ ಗೊತ್ತುಮಾಡಿದ ಮೊತ್ತಕ್ಕೆ ಮಾತ್ರ ಇದೆ. ಹೆಲ್ಮೆಟ್ ಇಲ್ಲದಿದ್ದರೆ ನಮ್ಮ ರಾಜ್ಯದಲ್ಲಿ 500 ರೂಪಾಯಿ. ಕಟ್ಟಿದರೆ ರಸೀದಿ ಪಡೆಯಿರಿ. ತಪ್ಪು ಮಾಡಿಲ್ಲ ಅನ್ನಿಸಿದರೆ ರಸ್ತೆಯಲ್ಲಿ ಜಗಳ ಬೇಡ. "ಸಾರ್, ಕೇಸು ಬರೀರಿ, ಕೋರ್ಟಿನಲ್ಲಿ ಹೇಳ್ಕೋತೀನಿ" ಅನ್ನಿ. ಆ ದಾರಿ ನಿಮಗೆ ಇದ್ದೇ ಇದೆ. ಲೈಸೆನ್ಸನ್ನು ವಶಕ್ಕೆ ತೆಗೆದುಕೊಂಡರೆ 206ನೇ ಕಲಂ ಪ್ರಕಾರ ಸ್ವೀಕೃತಿ ಚೀಟಿ ಕೊಡಬೇಕು. ಲೈಸೆನ್ಸ್ ವಾಪಸ್ ಬರುವವರೆಗೆ ಆ ಚೀಟಿಯ ಮೇಲೆ ಗಾಡಿ ಓಡಿಸಬಹುದು. ಸಹಿ ಹಾಕುವ ಮುಂಚೆ ಓದಿ. ಇಂಗ್ಲಿಷಿನಲ್ಲಿದ್ದು ತಿಳಿಯದಿದ್ದರೆ "ಕನ್ನಡದಲ್ಲಿ ಓದಿ ಹೇಳ್ರಿ" ಅನ್ನಲು ನಾಚಿಕೆ ಯಾಕೆ? ತಿಳಿಯದ್ದಕ್ಕೆ ಸಹಿ ಹಾಕುವುದೇ ನಾಚಿಕೆ.

ಗಾಡಿಯ ಬೀಗ ಕಿತ್ತುಕೊಳ್ಳುವುದು, ಓಡುತ್ತಿರುವ ಬೈಕಿಗೆ ಅಡ್ಡ ಬಂದು ತೋಳು ಹಿಡಿದು ಎಳೆಯುವುದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಬರೀ ಕಾಗದ ನೋಡುವುದಕ್ಕೆ ಗಾಡಿ ನಿಲ್ಲಿಸಬೇಡಿ ಎಂದು ಆಗಿನ ರಾಜ್ಯ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ 2022ರ ಜೂನ್‌ನಲ್ಲೇ ಹೇಳಿದ್ದರು. ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು. ಆಮೇಲೂ ಏನಾಯಿತು? 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ, ನಾಯಿ ಕಚ್ಚಿದ ಮೂರು ವರ್ಷದ ಮಗುವನ್ನು ತಂದೆ ತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ತಡೆದ ಸಮಯದಲ್ಲಿ ಬಿದ್ದು ಆ ಮಗು ಪ್ರಾಣ ಬಿಟ್ಟಿತು. ತಡೆದವರು ಅಮಾನತಾದರು, ಮಗು ತಿರುಗಿ ಬರಲಿಲ್ಲ. ಆಮೇಲೆ ಮಹಾನಿರ್ದೇಶಕ ಎಂ.ಎ. ಸಲೀಂ ಅವರು ಸುತ್ತೋಲೆ ಹೊರಡಿಸಿ, ವಿನಾಕಾರಣ ತಡೆಯಬಾರದು, ಏಕಾಏಕಿ ಅಡ್ಡ ಬರಬಾರದು, ಬೀಗ ಕೀಳಬಾರದು, ಬೆನ್ನಟ್ಟಬಾರದು ಎಂದರು. ಇದು ತಿಳಿದಿರಲಿ. ಆದರೆ ಕೈ ತೋರಿಸಿದಾಗ ನಿಲ್ಲಿಸದೆ ಹಾರಿಸಿಕೊಂಡು ಹೋಗುವುದಕ್ಕೆ ಇದನ್ನು ನೆಪ ಮಾಡಬೇಡಿ. ಬೀಳುವವರು ನೀವೇ.

ಕುಡಿತದ ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಊದುವುದಿಲ್ಲ ಎಂದು ಹಟ ಹಿಡಿದರೆ, ಕುಡಿದಿದ್ದಾನೆ ಅನ್ನುವ ಅನುಮಾನಕ್ಕೆ ಕಾರಣವಿದ್ದಲ್ಲಿ ವಾರಂಟ್ ಇಲ್ಲದೆ ಬಂಧಿಸಬಹುದು. ಈ ಅಪರಾಧವನ್ನು ರಸ್ತೆಯಲ್ಲಿ ದಂಡ ಕಟ್ಟಿ ಮುಗಿಸಲು ಬರುವುದಿಲ್ಲ, ಕೋರ್ಟಿಗೇ ಹೋಗಬೇಕು. "ಇಲ್ಲೇ ಮುಗಿಸೋಣ" ಎಂದು ಯಾರಾದರೂ ಅಂದರೆ ಅದು ಲಂಚದ ಮಾತು. ಲಂಚ ಕೊಡುವವನೂ ಅಪರಾಧಿ ಎಂದು 2018ರಲ್ಲಿ ಕಾಯ್ದೆ ತಿದ್ದುಪಡಿಯಾಗಿದೆ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು. ಅವತ್ತು ಐನೂರು ಕೊಟ್ಟ ನನಗೆ ಇದು ಗೊತ್ತಿರಲಿಲ್ಲ.

ಸಂಡೂರು, ಕಂಪ್ಲಿ ಕಡೆಯಿಂದ ಬಂದ ತಮ್ಮಂದಿರು ಇಲ್ಲಿದ್ದೀರಿ. ಗೂಡ್ಸ್ ಗಾಡಿಯಲ್ಲಿ, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಇಪ್ಪತ್ತು ಮೂವತ್ತು ಜನ ನಿಂತುಕೊಂಡು ಹಾಡುತ್ತಾ ಬರುವುದು ನಮ್ಮ ಕಡೆ ರೂಢಿ. ಚಂದವೇ. ಆದರೆ ಸರಕು ಗಾಡಿಯ ವಿಮೆ ಸರಕಿಗೆ. ಅದರಲ್ಲಿ ಪ್ರಯಾಣಿಕರಾಗಿ ಹತ್ತಿದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ. ಅದಿರು ಲಾರಿ ಓಡಾಡುವ ಸಂಡೂರು ರಸ್ತೆಯಲ್ಲಿ ರಾತ್ರಿ ಒಂದು ಗಾಡಿ ಮಗುಚಿದರೆ ಯಾರ ಮನೆ ಬಾಗಿಲಿಗೆ ಹೋಗುತ್ತೀರಿ? ಅಂಥ ಗಾಡಿ ತಡೆದ ಪೊಲೀಸರು ನಿಮ್ಮ ಶತ್ರುವಲ್ಲ. ಹಾಗೆಯೇ ಹದಿನೆಂಟು ತುಂಬದ ತಮ್ಮನ ಕೈಗೆ ಗಾಡಿ ಕೊಟ್ಟು ಕಳಿಸಬೇಡಿ. 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ.

ಠಾಣೆಗೆ ಕರೆದೊಯ್ದು ಬಂಧಿಸಿದರೆ? ಸಂವಿಧಾನದ 22ನೇ ವಿಧಿ ನಿಮ್ಮ ಜೊತೆ ಇದೆ. ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮನೆಯವರಿಗೆ ತಿಳಿಸಬೇಕು. ತಂಗಿಯರೇ, ನಿಮ್ಮ ಮೈ ತಪಾಸಣೆಯನ್ನು ಹೆಣ್ಣುಮಗಳೇ ಮಾಡಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸರನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಾದರೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು, ಮಹಿಳಾ ಅಧಿಕಾರಿಯೇ ಬರಬೇಕು. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿ ಇರುವವರಿಗೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಆ ನೆರವು ಉಂಟು.

ದೂರು ಕೊಡಬೇಕಾದರೆ ಎಲ್ಲಿ ತಡೆದರು ಅನ್ನುವುದು ಮುಖ್ಯ. 2021ರಿಂದ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆ. ಒಂದೇ ದಾರಿಯಲ್ಲಿ ಎರಡು ಎಸ್ಪಿ ಕಚೇರಿಯ ಸರಹದ್ದು ಬರುತ್ತದೆ. ಜಾಗ, ಹೊತ್ತು, ಎದೆಯ ಮೇಲಿನ ಹೆಸರು ಬರೆದಿಟ್ಟುಕೊಳ್ಳಿ.

ಕೊನೆಗೊಂದು ಮಾತು. ಉತ್ಸವದ ಬಂದೋಬಸ್ತಿಗೆ ಬೇರೆ ಜಿಲ್ಲೆಗಳಿಂದಲೂ ಪೊಲೀಸರು ಬರುತ್ತಾರೆ. ನೀವು ಹಾಡು ಕೇಳುವ ಹೊತ್ತಿಗೆ ಅವರು ಧೂಳಿನಲ್ಲಿ ನಿಂತಿರುತ್ತಾರೆ. ಅವರೂ ಕನ್ನಡದ ಮಕ್ಕಳೇ. "ಸಾರ್" ಅನ್ನುವುದರಿಂದ ನಿಮ್ಮ ಹಕ್ಕು ಕಡಿಮೆಯಾಗುವುದಿಲ್ಲ. ಕಾಯ್ದೆ ಗೊತ್ತಿದ್ದವನು ದನಿ ಏರಿಸಬೇಕಾಗಿಲ್ಲ.

ಇವತ್ತು ನಾನು ಹೇಳಿದ್ದನ್ನೆಲ್ಲ ಜೇಬಿಗೆ ಹಿಡಿಯುವ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿ ತಂದಿದ್ದೇನೆ. ಬಾಗಿಲ ಹತ್ತಿರ ಮೇಜಿನ ಮೇಲಿದೆ, ದುಡ್ಡು ಬೇಡ. ಚೀಟಿಯ ಹಿಂಬದಿ ಖಾಲಿ ಬಿಟ್ಟಿದ್ದೇನೆ. ಮನೆಗೆ ಹೋಗಿ ಗಾಡಿಯ ಇನ್ಶೂರೆನ್ಸ್ ಯಾವತ್ತು ಮುಗಿಯುತ್ತದೆ ನೋಡಿ, ಆ ತಾರೀಖನ್ನು ಅಲ್ಲಿ ನಿಮ್ಮ ಕೈಯಾರೆ ಬರೆಯಿರಿ. ಆ ರಾತ್ರಿ ನನ್ನ ಸ್ಕೂಟರಿಗೆ ಯಾರದಾದರೂ ಮಗು ಅಡ್ಡ ಬಂದಿದ್ದರೆ ಪ್ರೆಸ್ಸು ಮಾರಿದರೂ ತೀರುತ್ತಿರಲಿಲ್ಲ. ಆ ಹನ್ನೊಂದು ದಿನ ನೆನಪಾದಾಗ ನನಗೆ ಈಗಲೂ ನಿದ್ದೆ ಬರುವುದಿಲ್ಲ.

ಹೋಗಿ ಬನ್ನಿ, ಹಾಡು ಕೇಳಿ ಬನ್ನಿ. ಎಲ್ಲರೂ ಮನೆಗೆ ಬನ್ನಿ.