ಕೇಳಿ: ಕಸೂತಿಯ ತುಳಸಿಕಟ್ಟೆಯಲ್ಲಿ ದೀಪ ಹೊತ್ತಿದ್ದು ಹೇಗೆ?

ನಾನು ಧಾರವಾಡ ಹತ್ತಿರದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಇವತ್ತು ಸೂಜಿ, ದಾರ ಮತ್ತು ಪುಟ್ಟ ಎಲ್‌ಇಡಿ ದೀಪದ ಕಥೆ ಹೇಳ್ತೀನಿ.

ಐದನೇ ತರಗತಿಗೆ ಕಸೂತಿ ಕಲಿಸಲು ಹೊರಟೆ. ನಮ್ಮ ಭಾಗದ್ದೇ ಕಲೆ. ಆದರೂ ಹುಡುಗರು, "ಅದು ಹೆಣ್ಮಕ್ಕಳ ಕೆಲಸ ರೀ ಅಕ್ಕೋರ" ಅಂತ ದೂರ ಸರಿದರು. ಹೊಲಿಗೆಯಲ್ಲೇ ದೀಪ ಹೊತ್ತಿಸೋಣ ಅಂದೆ. ಎಲ್ಲರೂ ಹತ್ತಿರ ಬಂದರು.

ಸಾಮಾನು ಹೆಚ್ಚೇನಿಲ್ಲ. ನಾಣ್ಯದಂಥ 3 ವೋಲ್ಟ್ ಸೆಲ್, ಕೆಂಪು ಎಲ್‌ಇಡಿ, ವಿದ್ಯುತ್ ಹರಿಯುವ ಸ್ಟೀಲ್ ದಾರ. ಎಲ್‌ಇಡಿಯ ಉದ್ದ ಕಾಲು ಪ್ಲಸ್, ಗಿಡ್ಡ ಕಾಲು ಮೈನಸ್. ಪ್ಲಸ್‌ಗೆ ಸ್ಕೆಚ್ ಪೆನ್ನಿನಿಂದ ಗುರುತು ಮಾಡಿ, ಎರಡೂ ಕಾಲುಗಳನ್ನು ಇಕ್ಕಳದಿಂದ ಸುರುಳಿ ಸುತ್ತಿದರೆ ಗುಂಡಿ ಹಚ್ಚಿದ ಹಾಗೆ ಹೊಲಿಯಬಹುದು. ಎರಡು ದೀಪ ಇದ್ದರೆ ಒಂದರ ಹಿಂದೊಂದು ಸರಪಳಿಯಂತೆ ಜೋಡಿಸಬಾರದು. ಕೆಂಪು ದೀಪ ಒಂದಕ್ಕೇ ಸುಮಾರು 2 ವೋಲ್ಟ್ ಬೇಕು. ಎರಡಕ್ಕೆ 3 ಸಾಲುವುದಿಲ್ಲ. ಪ್ಲಸ್ ಒಂದು ಕಡೆ, ಮೈನಸ್ ಒಂದು ಕಡೆ, ನಡುವೆ ಏಣಿಯ ಮೆಟ್ಟಿಲಿನಂತೆ ದೀಪಗಳು. ಈ ಲೆಕ್ಕವನ್ನು ಮಕ್ಕಳು ಹೊಲಿದು, ಬಿಚ್ಚಿ, ಮತ್ತೆ ಹೊಲಿದೇ ಕಲಿತರು.

ಪ್ರದರ್ಶನದ ದಿನ ಬಂತು. ಒಬ್ಬ ಹುಡುಗಿ ಎರಡು ವಾರ ಕೂತು ತುಳಸಿಕಟ್ಟೆ ಹೊಲಿದಿದ್ದಳು. ಹಿಂದಿನ ದಿನ ಹೊತ್ತಿದ್ದ ದೀಪ ಅವತ್ತು ಹೊತ್ತಲಿಲ್ಲ. ಸೆಲ್ ಬದಲಿಸಿದೆ. ಊಹೂಂ. ಪಾಲಕರು ಬರುವ ಹೊತ್ತಿಗೆ ಅವಳು ಬಟ್ಟೆ ಮಡಚಿ ಬೆಂಚಿನ ಕೆಳಗೆ ಇಟ್ಟಿದ್ದಳು. ನಿಜ ಹೇಳಬೇಕಂದ್ರೆ, ನನಗೂ ಕಾರಣ ಹೊಳೆದಿರಲಿಲ್ಲ.

ಅವಳ ಅಜ್ಜಿ ಬಟ್ಟೆ ಈಸಿಕೊಂಡು ತಿರುವಿ ನೋಡಿದರು. "ಅಕ್ಕೋರ, ಹಿಂದ ಇಷ್ಟು ದಾರ ಜೋತು ಬಿದ್ದಾವ. ಇದೆಂಥಾ ಕಸೂತಿ?"

ಅಲ್ಲೇ ಇತ್ತು ತಪ್ಪು. ಪ್ಲಸ್ ದಾರದ ಬಾಲ ಮೈನಸ್ ದಾರಕ್ಕೆ ತಾಗಿತ್ತು. ಕರೆಂಟು ದೀಪದ ತನಕ ಹೋಗದೆ ಅಡ್ಡದಾರಿ ಹಿಡಿದಿತ್ತು, ಅಂದರೆ ಶಾರ್ಟ್ ಸರ್ಕ್ಯೂಟ್. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ ಹೊಲಿಗೆಯಲ್ಲಿ ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತಾರೆ. ಹಿಂದೆ, ಮುಂದೆ ಎರಡೂ ಒಂದೇ ಥರ. ದಾರದ ತುದಿಯನ್ನು ಹೊಲಿಗೆಯೊಳಗೇ ಸೇರಿಸುತ್ತಾರೆ. ನಾನು ಮುಂಭಾಗದ ಚಿತ್ತಾರವನ್ನಷ್ಟೇ ಕಲಿಸಿದ್ದೆ.

ಅಜ್ಜಿ ಬಾಲ ಕತ್ತರಿಸಿ, ತುದಿ ಒಳಗೆ ಸೇರಿಸಿ ತೋರಿಸಿದರು. ಉಳಿದದ್ದನ್ನು ಮೊಮ್ಮಗಳೇ ಮಾಡಿದಳು. ಹೊಸ ಸೆಲ್ ಹಾಕಿದ ಕೂಡಲೇ ಎರಡೂ ದೀಪ ಹೊತ್ತಿದವು. ಮರುವಾರ ಆ ಅಜ್ಜಿಯನ್ನೇ ತರಗತಿಗೆ ಕರೆದೆ. ದೂರ ಸರಿದಿದ್ದ ಹುಡುಗರೇ ಅವರ ಸುತ್ತ ಮೊದಲು ಕೂತರು.

ಇದನ್ನು ಮಾಡಿಸುವ ಶಿಕ್ಷಕರಿಗೆ ಒಂದು ಮಾತು. ಈ ಸೆಲ್ಲನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ.

ಈಗ ಮಕ್ಕಳ ಕೆಲಸ ನೋಡುವಾಗ ನಾನು ಮೊದಲು ಬಟ್ಟೆ ತಿರುವಿ ನೋಡ್ತೀನಿ. ದೀಪ ಆಮೇಲೆ.