ಅಮ್ಮನ ಬೆರಳು ಮತ್ತು ಹನ್ನೆರಡು ಅಂಕಿ
(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಕಳೆದ ವರ್ಷ ಮಡಿಕೇರಿಯಲ್ಲಿ ಡಿಜಿಟಲ್ ಗುರುತಿನ ಬಗ್ಗೆ ತಜ್ಞರ ಎರಡು ದಿನದ ಸಭೆ ಇತ್ತು. ಕಂಪ್ಯೂಟರ್ ಕೆಲಸದವನಾದ ನನ್ನನ್ನೂ ಕರೆದಿದ್ದರು. ಅಲ್ಲಿ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳಬೇಕೆನಿಸಿದೆ.

ಹೊರಗೆ ಮಂಜು, ಒಳಗೆ ಬಿಸಿ ಕಾಫಿ. ಮೊದಲ ದಿನವೆಲ್ಲ ಸಾಧನೆಯ ಮಾತು. ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯಲ್ಲಿ ಕೊಟ್ಟರು. ಇಂದು ಅದು 100 ಕೋಟಿಗೂ ಹೆಚ್ಚು ಜನರ ಕೈಯಲ್ಲಿದೆ. ಅದರ ಹನ್ನೆರಡನೆಯ ಅಂಕಿಯನ್ನು ಮೊದಲ ಹನ್ನೊಂದರಿಂದ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಒಂದು ಅಂಕಿ ತಪ್ಪಿದರೂ ಯಂತ್ರ ಹಿಡಿಯುತ್ತದೆ. ಬೆಂಗಳೂರಿನ ಐಐಐಟಿಯಲ್ಲಿ ಬೆಳೆದ ಮೋಸಿಪ್ ತಂತ್ರಾಂಶವನ್ನು ಫಿಲಿಪ್ಪೀನ್ಸ್, ಮೊರಾಕ್ಕೊ ದೇಶಗಳೂ ಬಳಸುತ್ತಿವೆ. ಕೇಳಿ ನನಗೂ ಹೆಮ್ಮೆಯಾಯಿತು.

ಆಗ ಒಬ್ಬರು, ‘ಬೆರಳಚ್ಚು ಎಂದೂ ಕೈಕೊಡುವುದಿಲ್ಲ’ ಎಂದರು. ನನಗೆ ಅಮ್ಮನ ನೆನಪಾಯಿತು. ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಅವಳು ಮೂವತ್ತು ವರ್ಷ ಬಿಸಿನೀರಿಗೆ ಬೆರಳಿಟ್ಟು ಗೂಡಿನ ಎಳೆ ಹುಡುಕಿದವಳು. ಒಂದು ದಿನ ಪಡಿತರದ ಯಂತ್ರ ಅವಳ ಹತ್ತು ಬೆರಳನ್ನೂ ಒಪ್ಪಲಿಲ್ಲ. ಸೆರಗಿಗೆ ಕೈ ಒರೆಸಿ ಒರೆಸಿ ಇಟ್ಟಳು. ‘ನಾನೇ ಅಲ್ವೇನಪ್ಪಾ’ ಎಂದಳು. ಖಾಲಿ ಚೀಲದೊಂದಿಗೆ ಮನೆಗೆ ಬಂದಳು.

ಅಂದು ನಾನು ಸುಮ್ಮನೆ ಕೂತೆ. ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಎದ್ದುನಿಂತು ಇದನ್ನೇ ಹೇಳಿದೆ. ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ ಕಡೆಯುವವರು, ಕನಕಪುರದ ಕಲ್ಲು ಒಡೆಯುವವರು, ಮಾಗಡಿಯ ರೈತರು, ಇವರ ಕೈಗಳೂ ಸವೆಯುವ ಕೈಗಳೇ ಎಂದೆ. ಸಭೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು, ‘ಕಣ್ಣಿನ ಪಾಪೆ, ಮೊಬೈಲಿಗೆ ಬರುವ ಓಟಿಪಿ, ಹೀಗೆ ಬೇರೆ ದಾರಿಗಳಿವೆ. ಆದರೆ ಅವು ನಿಮ್ಮ ತಾಯಿಗೆ ಗೊತ್ತಿರಲಿಲ್ಲ, ಯಂತ್ರ ಹಿಡಿದವನು ಹೇಳಲಿಲ್ಲ. ತಪ್ಪು ಬೆರಳಿನದಲ್ಲ’ ಎಂದರು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. 2018ರಲ್ಲಿ ಕೋರ್ಟು ಆಧಾರ್ ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಆದರೆ ಬೆರಳಚ್ಚು ಹೊಂದಲಿಲ್ಲವೆಂದು ಅರ್ಹರಿಗೆ ಸೌಲಭ್ಯ ತಪ್ಪಬಾರದು ಎಂಬುದನ್ನೂ ಸ್ಪಷ್ಟಪಡಿಸಿತು.

ಮಕ್ಕಳೇ, ಓಟಿಪಿಯನ್ನು ಅಪರಿಚಿತರಿಗೆ ಹೇಳಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಿಗುತ್ತದೆ, ಆದಷ್ಟೂ ಅದನ್ನೇ ಕೊಡಿ. ಸಾಲಿನಲ್ಲಿ ಅಜ್ಜಿಯೊಬ್ಬರು ಕೈ ಒರೆಸುತ್ತ ನಿಂತಿದ್ದರೆ ಹತ್ತಿರ ಹೋಗಿ, ಅವರ ಪರವಾಗಿ ಮಾತಾಡಿ.

ನನ್ನನ್ನು ಎಂಟನೆಯ ತರಗತಿಗೆ ಸೇರಿಸುವಾಗ ಅಮ್ಮ ಈ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ್ದಳು. ಗೆರೆಯೇ ಇಲ್ಲ, ಬರೀ ಮಸಿ. ಮೇಷ್ಟ್ರು ನೋಡಿ, ‘ಸಾಕು ಬಿಡಮ್ಮ, ನೀನು ಯಾರೆಂದು ನಮಗೆ ಗೊತ್ತು’ ಎಂದರು. ಆ ಮಾತಿನ ಋಣ ನನ್ನ ಮೇಲಿದೆ.