ದಫ್ತರ ಕಾಯುವವನ ಬೆಲೆ

(ನಮ್ಮ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಪುಸ್ತಕಗಳ ನಡುವೆ ನಿಂತು ಕಡತಗಳ ವಿಷಯ ಮಾತನಾಡಲು ಬಂದಿದ್ದೇನೆ. ಪುಸ್ತಕವೊಂದು ಕಳೆದುಹೋದರೆ ಅದರ ಬೇರೆ ಪ್ರತಿ ಎಲ್ಲಿಯಾದರೂ ಸಿಕ್ಕೀತು. ಕಚೇರಿಯ ಹಳೆಯ ದಾಖಲೆಗೆ ಬೇರೆ ಪ್ರತಿ ಇರುವುದು ಅಪರೂಪ. ಅದನ್ನು ಕಾಯುವವನಿಗೆ ನಾವು ಕೊಡುತ್ತಿರುವ ಸಂಬಳವೆಷ್ಟು, ಮನ್ನಣೆಯೆಷ್ಟು ಎಂಬುದೇ ಈ ಹೊತ್ತಿನ ಪ್ರಶ್ನೆ.

ಹೈದರಾಬಾದಿನ ಕನ್ನಡಿಗರಿಗೆ ಇದು ದೂರದ ಮಾತಲ್ಲ. 1956ರ ನವೆಂಬರ್ 1ರಂದು ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಜನ ಆ ಕಡೆಗೆ ಸೇರಿದರು, ನೆಲವೂ ಸೇರಿತು. ಆದರೆ ನಿಜಾಮರ ರಾಜಧಾನಿಯಲ್ಲಿ ಶೇಖರವಾಗಿದ್ದ ದಫ್ತರದಲ್ಲಿ ಬಹಳಷ್ಟು ಇಲ್ಲಿಯೇ ಉಳಿಯಿತು. ತಾರ್ನಾಕದ ರಾಜ್ಯ ಪತ್ರಾಗಾರದಲ್ಲಿ, ಕಲಬುರ್ಗಿಯಿಂದ ಆಳಿದ ಫಿರೋಜ್ ಷಾ ಬಹಮನಿಯ ಕಾಲದ ಫರ್ಮಾನು ಇದೆ. ಷಾಜಹಾನ್, ಔರಂಗಜೇಬರ ಕಾಲದ ದಖ್ಖನ್ ಆಡಳಿತದ ಕಾಗದಗಳೇ ಒಂದೂವರೆ ಲಕ್ಷಕ್ಕೂ ಮಿಗಿಲು. ತಾತನ ಇನಾಮು ಭೂಮಿಗೆ ಆಧಾರ ಬೇಕಾದವರು, ಹೈದರಾಬಾದು ವಿಮೋಚನೆಯ ಹೋರಾಟದಲ್ಲಿ ತಂದೆ ಸೆರೆಮನೆಗೆ ಹೋದದ್ದಕ್ಕೆ ಪುರಾವೆ ಬೇಕಾದವರು ನಮ್ಮೂರುಗಳಿಂದ ಈ ಊರಿನ ಕಚೇರಿಗಳಿಗೆ ಬಂದು ಅಲೆದದ್ದನ್ನು ನಾವೆಲ್ಲ ಕಂಡಿದ್ದೇವೆ.

ನನ್ನ ಸ್ವಂತ ಅನುಭವವನ್ನೇ ಹೇಳುತ್ತೇನೆ. ನಮ್ಮ ಮನೆತನದ ಒಂದು ಕಾಗದಕ್ಕಾಗಿ ನಾನು ಒಂದು ಕಚೇರಿಗೆ ಮೂರು ಬಾರಿ ಹೋದೆ. ಮೂರು ಬಾರಿಯೂ "ಸಿಗುವುದಿಲ್ಲ" ಎಂಬ ಉತ್ತರವೇ ಬಂತು. ನಾಲ್ಕನೆಯ ಸಲ ಮೂಲೆಯಲ್ಲಿ ಕುಳಿತಿದ್ದ ಒಬ್ಬ ವೃದ್ಧರು "ವರ್ಷ ಎಷ್ಟು ಹೇಳಿದಿರಿ? ಫಸಲಿಯೋ ಇಸವಿಯೋ?" ಎಂದು ಕೇಳಿದರು. ಅರ್ಧ ಗಂಟೆಯೊಳಗೆ ಧೂಳು ಕೊಡವಿ ಬಸ್ತೆಯನ್ನು ತಂದಿಟ್ಟರು. ವಿಚಾರಿಸಿದಾಗ ತಿಳಿಯಿತು: ಅವರು ನಿವೃತ್ತರಾದ ಮೇಲೆ ದಿನಗೂಲಿಯ ಮೇಲೆ ಬರುತ್ತಿದ್ದರು. ಮರುವರ್ಷ ಹೋದಾಗ ಅವರಿರಲಿಲ್ಲ. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಕಾಗದಗಳೇನೋ ಇದ್ದವು, ಆದರೆ ಹುಡುಕಿಕೊಡುವವರೇ ಇಲ್ಲದೆ ಅವು ಇದ್ದೂ ಇಲ್ಲದಂತಾಗಿದ್ದವು.

ಆ ವೃದ್ಧರ ಪ್ರಶ್ನೆಯಲ್ಲಿ ಎಷ್ಟು ವಿದ್ಯೆ ಅಡಗಿತ್ತೆಂಬುದನ್ನು ಗಮನಿಸಿ. ಹೈದರಾಬಾದು ಸಂಸ್ಥಾನದ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ಬರುತ್ತದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಜಾಗೀರುಗಳನ್ನು ರದ್ದುಗೊಳಿಸಿದ ಕಾನೂನು 1358 ಫಸಲಿಯದು. ಕೂಡಿಸಿದರೆ 1948 ಆಗುತ್ತದೆ. ಆದರೆ ಅದು ಹೊರಟದ್ದು 1949ರ ಆಗಸ್ಟಿನಲ್ಲಿ! ಏಕೆಂದರೆ ಆ ವರ್ಷ ಮೊದಲಾಗುತ್ತಿದ್ದುದು ಅಕ್ಟೋಬರಿನಲ್ಲಿ. ಇದನ್ನರಿಯದವನು ಬೇರೆ ವರ್ಷದ ಗಂಟು ಬಿಚ್ಚಿ ನೋಡಿ "ಇಲ್ಲ" ಎನ್ನುತ್ತಾನೆ; ಒಂದು ಸಂಸಾರದ ಹೊಲ ಹೋಗುತ್ತದೆ. ಇದರ ಮೇಲೆ ಚುಕ್ಕೆಗಳನ್ನು ಬಿಟ್ಟು ಗೀಚಿದ ಶಿಕಸ್ತಾ ಬರಹದ ಫಾರಸಿ, ಅನಂತರದ ಉರ್ದು, ಮರಾಠಿಯ ಮೋಡಿ ಲಿಪಿ! ಗೆದ್ದಲಿನಿಂದ ಕಾಗದವನ್ನು ಉಳಿಸುವ ಕೆಲಸ ಬೇರೆ. ಇನ್ನು ಯಾವುದನ್ನು ಇಡಬೇಕು, ಯಾವುದನ್ನು ಎಷ್ಟು ವರ್ಷವಾದ ಮೇಲೆ ನಾಶಪಡಿಸಬಹುದು ಎಂಬ ತೀರ್ಮಾನವಂತೂ ಎಲ್ಲಕ್ಕಿಂತ ಕಠಿಣ. ಒಮ್ಮೆ ಸುಟ್ಟದ್ದು ಮತ್ತೆ ಬಾರದು.

ಕಾನೂನಿಗೆ ಇದು ತಿಳಿಯದೆ ಇಲ್ಲ. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು ಕೇಂದ್ರ ಸರ್ಕಾರದ ಕಚೇರಿಗಳ ದಾಖಲೆಗಳನ್ನು ಕ್ರಮತಪ್ಪಿ ನಾಶಮಾಡಿದವರಿಗೆ ಐದು ವರ್ಷದವರೆಗೆ ಸೆರೆವಾಸ, ಇಲ್ಲವೆ ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಕರ್ನಾಟಕವೂ 2010ರಲ್ಲಿ ತನ್ನ ಕಾನೂನನ್ನು ಮಾಡಿಕೊಂಡಿತು. 2005ರ ಮಾಹಿತಿ ಹಕ್ಕು ಕಾನೂನು, ದಾಖಲೆಗಳನ್ನು ವಿಂಗಡಿಸಿ ಸೂಚಿ ಮಾಡಿಡಬೇಕೆಂದು ಪ್ರತಿಯೊಂದು ಸಾರ್ವಜನಿಕ ಕಚೇರಿಗೂ ಆಜ್ಞಾಪಿಸುತ್ತದೆ. ಹೊಣೆಯೇನೋ ದೊಡ್ಡದಾಯಿತು. ಹೊಣೆ ಹೊರುವವನು ಯಾರು? 1993ರ ಕಾನೂನಿನ ಪ್ರಕಾರ, ಕಚೇರಿಯು ತನ್ನ ಅಧಿಕಾರಿಗಳಲ್ಲೇ ಒಬ್ಬನನ್ನು ದಾಖಲೆಗಳ ಅಧಿಕಾರಿಯೆಂದು ಹೆಸರಿಸಿದರೆ ಸಾಕು. ಅದಕ್ಕಾಗಿಯೇ ಕಲಿತವನನ್ನು ನೇಮಿಸಬೇಕೆಂದಾಗಲಿ, ಅವನಿಗೆ ಇಂಥ ವೇತನ ಕೊಡಬೇಕೆಂದಾಗಲಿ ಅಲ್ಲಿಲ್ಲ. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯ ಒಂದು ವರ್ಷದ ಡಿಪ್ಲೊಮಾ ಶಿಕ್ಷಣ ಕೊಡುತ್ತದೆ. ಅಮೆರಿಕದಲ್ಲಿ 1975ರಲ್ಲಿಯೇ ಈ ವೃತ್ತಿಯವರಿಗೆ ಪರೀಕ್ಷೆಯಿಟ್ಟು ಪ್ರಮಾಣಪತ್ರ ಕೊಡುವ ಸಂಸ್ಥೆ ಹುಟ್ಟಿತು. ಓದಿ ತೇರ್ಗಡೆಯಾದವನಿಗೆ ತಕ್ಕ ಹುದ್ದೆಯೇ ಇಲ್ಲವೆಂದರೆ, ಆ ಪ್ರಮಾಣಪತ್ರವೂ ಬಸ್ತೆಯಲ್ಲಿ ಕಟ್ಟಿಟ್ಟ ಇನ್ನೊಂದು ಕಾಗದವಷ್ಟೆ.

ಇದು ಸರಿಪಡಿಸಲಾಗದ ಸಂಗತಿಯೇನಲ್ಲ. ಗ್ರಂಥಪಾಲಕರ ಉದಾಹರಣೆ ನಮ್ಮ ಕಣ್ಣ ಮುಂದಿದೆ. ಒಂದು ಕಾಲಕ್ಕೆ ಅವರನ್ನೂ ಪುಸ್ತಕದ ಕಪಾಟಿನ ಬೀಗದ ಕೈ ಇಟ್ಟುಕೊಂಡವರೆಂದೇ ಎಣಿಸುತ್ತಿದ್ದರು. ಹೈದರಾಬಾದು ರಾಜ್ಯ 1955ರಲ್ಲಿ ಗ್ರಂಥಾಲಯ ಕಾನೂನು ತಂದಿತು. 1957ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಡಾ. ಎಸ್. ಆರ್. ರಂಗನಾಥನ್‌ರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಗ್ರಂಥಪಾಲಕರಿಗೆ ಅಧ್ಯಾಪಕರಿಗೆ ಸಮನಾದ ವೇತನ ಸಿಗಬೇಕೆಂದು ಆ ಸಮಿತಿ ಶಿಫಾರಸು ಮಾಡಿತು. ವಿದ್ಯೆಗೆ ಪದವಿ, ಪದವಿಗೆ ಹುದ್ದೆ, ಹುದ್ದೆಗೆ ವೇತನ ಎಂಬ ಮೆಟ್ಟಿಲು ಅವರಿಗೆ ದೊರೆಯಿತು. ದಫ್ತರ ಕಾಯುವವರಿಗೂ ಅದೇ ಮೆಟ್ಟಿಲು ಬೇಕು.

"ಎಲ್ಲವೂ ಕಂಪ್ಯೂಟರಿಗೆ ಹೋಗುತ್ತಿರುವಾಗ ಇನ್ನು ಇವರೇಕೆ?" ಎಂದು ಕೆಲವರು ಕೇಳಿಯಾರು. ಕಾಗದದ ಚಿತ್ರವನ್ನು ಯಂತ್ರ ತೆಗೆಯಬಲ್ಲದು. ಅದು ಯಾವ ಊರಿನದು, ಯಾವ ಫಸಲಿಯದು, ಯಾವ ಮೊಕದ್ದಮೆಯದು ಎಂದು ತಿಳಿದವನು ಸರಿಯಾದ ಹೆಸರು ಕೊಡದಿದ್ದರೆ, ಅಲಮಾರಿನಲ್ಲಿ ಕಳೆದದ್ದು ಯಂತ್ರದಲ್ಲಿ ಎರಡನೆಯ ಸಲ ಕಳೆಯುತ್ತದೆ. ಈ ಕೆಲಸಕ್ಕೆ ಗುತ್ತಿಗೆಯ ಹುಡುಗರನ್ನು ಹಚ್ಚಿ, ಖಾಯಂ ನೌಕರನ ದುಡಿಮೆಯನ್ನೇ ಪಡೆದು ಅರೆ ಕೂಲಿ ಕೊಡುವುದು ನ್ಯಾಯವಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನದ ತತ್ತ್ವ ಹಂಗಾಮಿ ನೌಕರರಿಗೂ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಹೇಳಿದೆ.

ಆದ್ದರಿಂದ ನನ್ನ ಬಿನ್ನಹ ಮೂರೇ. ದೊಡ್ಡ ಕಚೇರಿಗಳಲ್ಲಿ ತರಬೇತಿ ಪಡೆದವರಿಗೇ ಮೀಸಲಾದ ಹುದ್ದೆ ಇರಲಿ. ಅದರ ವೇತನ ಗ್ರಂಥಪಾಲಕರದಕ್ಕೆ ಕಡಿಮೆಯಾಗದಿರಲಿ. ಹಳೆಯ ಲಿಪಿ ಬಲ್ಲ ಹಿರಿಯರು ಇರುವಾಗಲೇ ಅವರ ಕೈಕೆಳಗೆ ತರುಣರನ್ನು ಗೌರವಧನ ಕೊಟ್ಟು ಕೂರಿಸಲಿ. ನಮ್ಮ ಸಂಘ ಈ ವಿಷಯವಾಗಿ ಎರಡೂ ಸರ್ಕಾರಗಳಿಗೆ ಮನವಿ ಬರೆಯುವುದಾದರೆ ಮೊದಲ ಸಹಿ ನನ್ನದು.

ಆ ವೃದ್ಧರ ಹೆಸರನ್ನು ನಾನು ಅಂದು ಕೇಳಲಿಲ್ಲ. ಆ ನಾಚಿಕೆ ಇಂದಿಗೂ ಇದೆ. ನೀವು ಹೋದಾಗ ದಯವಿಟ್ಟು ಕೇಳಿ ಬನ್ನಿ.